ಅಪ್‌ಡೇಟ್ ಮಧ್ಯೆ ಕರೆಂಟ್ ಹೋಯ್ತು, ಬೋರ್ಡ್ ಹೋಯ್ತಾ?

ಪ್ರಶ್ನೆ: ಮಗನ ಅಸೆಂಬಲ್ಡ್ ಪಿಸಿಗೆ ರೈಜನ್ 5 5600 ಪ್ರೊಸೆಸರ್ ತಂದ್ವಿ. ಮದರ್‌ಬೋರ್ಡು ಹಳೇ ಬಿ450. ಹೊಸ ಪ್ರೊಸೆಸರ್ ಕೂರಿಸೋ ಮುಂಚೆ ಬಯೋಸ್ ಅಪ್‌ಡೇಟ್ ಆಗ್ಬೇಕಂತೆ, ಅದಕ್ಕೆ ಅವನೇ ವಿಂಡೋಸ್ ಒಳಗಿಂದ ಕೊಟ್ಟಿದ್ದಾನೆ, ಅರ್ಧಕ್ಕೆ ಬಂದಾಗ ಕರೆಂಟ್ ಹೋಯ್ತು. ಈಗ ಫ್ಯಾನ್ ತಿರುಗುತ್ತೆ, ಮಾನಿಟರ್‌ನಲ್ಲಿ ಏನೂ ಬರಲ್ಲ. ಬೋರ್ಡಿನ ಮೇಲಿರೋ ಸೆಲ್ ತೆಗೆದು ಹಾಕಿದ್ದೂ ಆಯ್ತು. ಅಂಗಡಿಯವರು ಬೋರ್ಡೇ ಹೋಗಿದೆ, ಹೊಸದು ತಗೊಳ್ಳಿ ಅಂತಿದಾರೆ. ಬೇರೆ ದಾರಿ ಇಲ್ವಾ ಸಾರ್?
– ಓದುಗರೊಬ್ಬರು, ಶಿರಸಿ

ಉತ್ತರ: ಇದೆ, ಹೊಸ ಬೋರ್ಡಿಗೆ ಈಗ್ಲೇ ದುಡ್ಡು ಕೊಡ್ಬೇಡಿ. ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತೆ, ಕಂಪ್ಯೂಟರನ್ನ ಶುರು ಮಾಡೋ ಬಯೋಸ್ ಅನ್ನೋ ಪ್ರೋಗ್ರಾಂ ಇರೋದು ಅದರೊಳಗೆ. ಅಪ್‌ಡೇಟ್ ಅಂದ್ರೆ ಆ ಚಿಪ್ ಅಳಿಸಿ ಹೊಸದಾಗಿ ಬರೆಯೋದು, ನಿಮ್ಮದರಲ್ಲಿ ಅಳಿಸಿದ್ದಾಗಿದೆ, ಬರೆದಿರೋದು ಅರ್ಧ. ಚಿಪ್ಪು, ಬೋರ್ಡು ಎರಡೂ ಸುಟ್ಟಿಲ್ಲ, ಒಳಗಿರೋ ಬರಹ ಕೆಟ್ಟಿದೆ ಅಷ್ಟೇ. ಸೆಲ್ ತೆಗೆದ್ರೆ ಟೈಮು, ಸೆಟ್ಟಿಂಗು ಹೋಗುತ್ತೆ ಹೊರತು ಬಯೋಸ್ ಪ್ರೋಗ್ರಾಂ ವಾಪಸ್ ಬರಲ್ಲ, ಹಾಗಾಗಿ ಅದನ್ನ ಎಷ್ಟು ಸಲ ತೆಗೆದು ಹಾಕಿದ್ರೂ ಪ್ರಯೋಜನ ಇಲ್ಲ.

ಮೊದಲು ಬೋರ್ಡಿನ ಹಿಂಭಾಗ, ಯುಎಸ್‌ಬಿ ಪೋರ್ಟ್ ಇರೋ ಕಡೆ ಒಂದು ಚಿಕ್ಕ ಬಟನ್ ಇದೆಯಾ ನೋಡಿ. ಏಸಸ್‌ನಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್, ಎಂಎಸ್‌ಐನಲ್ಲಿ ಫ್ಲ್ಯಾಶ್ ಬಯೋಸ್ ಬಟನ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್ ಪ್ಲಸ್ ಅಂತ ಕರೀತಾರೆ. ಎಲ್ಲಾ ಬಿ450 ಬೋರ್ಡಿಗೂ ಇದಿಲ್ಲ, ಇದ್ರೆ ನಿಮ್ಮ ಅದೃಷ್ಟ, ಪ್ರೊಸೆಸರ್, ರ‍್ಯಾಮ್ ಏನೂ ಇಲ್ದೇನೂ ಕೆಲಸ ಮಾಡುತ್ತೆ. ಬೇರೆ ಕಂಪ್ಯೂಟರ್‌ನಲ್ಲಿ ಕಂಪನಿ ಸೈಟಿಂದ ನಿಮ್ಮ ಮಾಡೆಲ್‌ದೇ ಫೈಲ್ ಇಳಿಸ್ಕೊಳ್ಳಿ, ಮಾಡೆಲ್ ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಅದು ಬೇರೆ ಬೋರ್ಡು ಅಂತ್ಲೇ ತಿಳ್ಕೊಳ್ಳಿ. ಜಿಪ್ ಬಿಚ್ಚಿ, ಫ್ಯಾಟ್32 ಫಾರ್ಮ್ಯಾಟ್ ಮಾಡಿರೋ ಪೆನ್‌ಡ್ರೈವ್‌ಗೆ ಹಾಕಿ, ಫೈಲ್ ಹೆಸರು ಎಂಎಸ್‌ಐ ಆದ್ರೆ ಎಂಎಸ್‌ಐ ಡಾಟ್ ರಾಮ್, ಗಿಗಾಬೈಟ್ ಆದ್ರೆ ಗಿಗಾಬೈಟ್ ಡಾಟ್ ಬಿನ್ ಅಂತ ಬದಲಾಯಿಸಿ, ಏಸಸ್‌ನವರು ಹೆಸರು ಬದಲಾಯಿಸೋಕೆ ಜಿಪ್ ಒಳಗೇ ಒಂದು ಪುಟ್ಟ ಪ್ರೋಗ್ರಾಂ ಇಟ್ಟಿರ್ತಾರೆ. ಎಸ್‌ಎಂಪಿಎಸ್ ಅಂದ್ರೆ ಪವರ್ ಸಪ್ಲೈನ 24 ಪಿನ್ನು, ಪ್ರೊಸೆಸರ್ ಪಕ್ಕದ 8 ಪಿನ್ನು ಎರಡೂ ಚುಚ್ಚಿರ್ಲಿ. ಪೆನ್‌ಡ್ರೈವ್‌ನ ಗುರುತು ಮಾಡಿರೋ ಪೋರ್ಟಿಗೇ ಹಾಕಿ ಬಟನ್ ಒತ್ತಿ, ಏಸಸ್ ಆದ್ರೆ ಲೈಟ್ ಮೂರು ಸಲ ಮಿನುಗೋವರೆಗೂ ಒತ್ತಿ ಹಿಡೀಬೇಕು. ಆಮೇಲೆ ಲೈಟ್ ಮಿನುಗ್ತಾ ಇರುತ್ತೆ, ತಾನಾಗೇ ಆರೋವರೆಗೂ ಅದರ ತಂಟೆಗೆ ಹೋಗ್ಬೇಡಿ. ಏಸಸ್‌ನಲ್ಲಿ ಐದು ಸೆಕೆಂಡ್ ಮಿನುಗಿ ಹಾಗೇ ಉರೀತಾ ನಿಂತ್ರೆ ಫೈಲ್ ಓದೋಕಾಗ್ಲಿಲ್ಲ ಅಂತರ್ಥ, ಹೆಸರೋ ಫಾರ್ಮ್ಯಾಟೋ ತಪ್ಪಿರುತ್ತೆ, ಗಾಬರಿ ಬೇಡ, ಸರಿಮಾಡಿ ಮತ್ತೆ ಒತ್ತಿ.

ಬಟನ್ ಇಲ್ಲ ಅಂದ್ರೆ ಚಿಪ್ಪಿಗೇ ಕೈ ಹಾಕ್ಬೇಕು. ಸಿಎಚ್341ಎ ಅನ್ನೋ ಪ್ರೋಗ್ರಾಮರ್ (ಯುಎಸ್‌ಬಿಗೆ ಹಾಕಿ ಚಿಪ್ಪನ್ನ ಓದೋ, ಬರೆಯೋ ಪುಟ್ಟ ಸಾಧನ), ಜೊತೆಗೆ ಚಿಪ್ಪನ್ನ ಕಚ್ಚಿ ಹಿಡಿಯೋ ಒಂದು ಕ್ಲಿಪ್ಪು, ಆನ್‌ಲೈನಲ್ಲಿ ಕಮ್ಮಿ ಬೆಲೆಗೇ ಸಿಗುತ್ತೆ. ಇದನ್ನ ಮನೇಲಿ ಮಾಡಬಹುದಾ ಅಂದ್ರೆ, ಸ್ಕ್ರೂ ಡ್ರೈವರ್ ಹಿಡಿಯೋ ಅಭ್ಯಾಸ ಇರೋ ಹುಡುಗ ತಾಳ್ಮೆಯಿಂದ ಕೂತ್ರೆ ಖಂಡಿತ ಮಾಡಬಹುದು, ಆದ್ರೆ ಅವಸರದವರಿಗಲ್ಲ.

ಪಿಸಿಯ ಕರೆಂಟ್ ವೈರ್ ಕಿತ್ತು, ಸೆಲ್ಲೂ ತೆಗೆದಿಡಿ. ಚಿಪ್ ಮೇಲೆ ಬರೆದಿರೋದನ್ನ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಓದಿ. 25ಕ್ಯೂ128 ಅಂತಿದ್ರೆ 16 ಎಂಬಿ, 25ಕ್ಯೂ256 ಅಂದ್ರೆ 32 ಎಂಬಿ. ಮುಖ್ಯವಾದ್ದು ವೋಲ್ಟೇಜು. ನಿಮ್ಮ ಬಿ450 ಸೇರಿದ ಎಎಂ4 ಬೋರ್ಡುಗಳಲ್ಲಿ 1.8 ವೋಲ್ಟಿನ ಚಿಪ್ ಸುಮಾರು ಕಡೆ ಇದೆ, 25ಯು128 ಅಂತ್ಲೋ 25ಕ್ಯೂ128ಎಫ್‌ಡಬ್ಲ್ಯೂ ಅಂತ್ಲೋ ಬರೆದಿದ್ರೆ ಅದು 1.8ದೇ. ಆ ಪ್ರೋಗ್ರಾಮರ್ ಕೊಡೋದು 3.3, ಅದರಲ್ಲೂ ಕಪ್ಪು ಬಣ್ಣದ್ದು ಡೇಟಾ ಲೈನ್‌ಗಳಿಗೆ 5 ವೋಲ್ಟ್ ಬಿಡೋದು ಎಲ್ಲರಿಗೂ ಗೊತ್ತಿರೋ ರೋಗ. 1.8ರ ಅಡಾಪ್ಟರ್ ಬೇರೆ ಸಿಗುತ್ತೆ, ಚಿಪ್ 1.8ದಾದ್ರೆ ಅದು ಮಧ್ಯೆ ಇರ್ಲೇಬೇಕು. ಅಂಗಡಿಯವರು ಹೇಳಿದ ಹಾಗೆ ಬೋರ್ಡ್ ನಿಜವಾಗ್ಲೂ ಹೋಗೋದು ಇಲ್ಲಿ ಅಜಾಗರೂಕತೆ ಮಾಡಿದ್ರೆ!

ಚಿಪ್ಪಿನ ಒಂದು ಮೂಲೇಲಿ ಚಿಕ್ಕ ಚುಕ್ಕೆ ಇರುತ್ತಲ್ಲ, ಕ್ಲಿಪ್ಪಿನ ಕೆಂಪು ವೈರ್ ಆ ಕಡೆಗೆ ಬರ್ಬೇಕು. ಬರೆಯೋ ಮುಂಚೆ ಓದಿ. ಅರ್ಧಂಬರ್ಧ ಆಗಿದ್ರೂ ಒಳಗಿರೋದನ್ನ ಫ್ಲ್ಯಾಶ್‌ರಾಮ್ ತರದ ಸಾಫ್ಟ್‌ವೇರ್‌ನಲ್ಲಿ ಫೈಲ್ ಆಗಿ ಉಳಿಸಿ, ಇನ್ನೊಂದು ಸಲ ಓದಿ ಎರಡನ್ನೂ ಹೋಲಿಸಿ, ಒಂದೇ ಥರ ಇಲ್ಲ ಅಂದ್ರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ ಅಂತ, ತೆಗೆದು ಮತ್ತೆ ಹಾಕಿ. ಈ ಹಳೇ ಫೈಲ್ ಯಾಕೆ ಅಂದ್ರೆ ಬೋರ್ಡಿನ ಸೀರಿಯಲ್ ನಂಬರು, ಇಂಟೆಲ್ ಬೋರ್ಡಾದ್ರೆ ಎಷ್ಟೋ ಸಲ ಲ್ಯಾನ್‌ನ ಮ್ಯಾಕ್ ಅಡ್ರೆಸ್ಸು (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ಗುರುತಿನ ನಂಬರು), ಲ್ಯಾಪ್‌ಟಾಪಾದ್ರೆ ವಿಂಡೋಸ್ ಕೀ ಕೂಡ ಇದೇ ಚಿಪ್ಪಲ್ಲಿರುತ್ತೆ. ನೋಡದೇ ಅಳಿಸಿದ್ರೆ ಅವೂ ಹೋಗ್ತವೆ. ಮ್ಯಾಕ್ ಅಡ್ರೆಸ್ 88:88:88:88:87:88 ಅಂತ ಕಾಣೋ ಕಂಪ್ಯೂಟರ್ ಎಲ್ಲಾದ್ರೂ ಸಿಕ್ರೆ ಯಾರೋ ಹೀಗೇ ರಿಪೇರಿ ಮಾಡಿದಾರೆ ಅಂದ್ಕೊಳ್ಳಿ.

ಆಮೇಲೆ ಅಳಿಸೋದು, ಬರೆಯೋದು, ವೆರಿಫೈ ಮಾಡೋದು. ಬರೆಯೋ ಫೈಲಿನ ಸೈಜು ಚಿಪ್ಪಿನ ಸೈಜಿಗೆ ಸರಿಯಾಗಿ ಕೂರಬೇಕು, 16 ಎಂಬಿ ಚಿಪ್ ಅಂದ್ರೆ 1,67,77,216 ಬೈಟ್. ಏಸಸ್‌ನ ಕ್ಯಾಪ್ ಫೈಲ್ ನೋಡಿದ್ರೆ 1,67,79,264 ಇರುತ್ತೆ, ಆ ಹೆಚ್ಚಿನ 2,048 ಬೈಟು ಶುರುವಿನಲ್ಲಿರೋ ಹೆಡರ್ರು. ಯುಇಎಫ್‌ಐ ಟೂಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ತೆರೆದು ಹೆಡರ್ ಬಿಟ್ಟು ಬಾಡಿ ಮಾತ್ರ ಎಕ್ಸ್‌ಟ್ರ್ಯಾಕ್ಟ್ ಮಾಡ್ಕೊಂಡು ಅದನ್ನ ಬರೀರಿ. ಬರೆದು ಮುಗಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು, ರ‍್ಯಾಮ್ ಹೊಂದಿಸ್ಕೊಳ್ತಾ ಇರುತ್ತೆ, ಕಾಯಿರಿ. ಮೊದಲು ಹಳೇ ಪ್ರೊಸೆಸರ್‌ನಲ್ಲೇ ನೋಡಿ, ಆಮೇಲೆ ಹೊಸದು.

ಕ್ಲಿಪ್ ಹಾಕಿದ್ರೂ ಚಿಪ್ಪನ್ನ ಗುರುತೇ ಹಿಡೀತಿಲ್ಲ ಅಂದ್ರೆ ಹಾಟ್ ಏರ್‌ನಲ್ಲಿ ಚಿಪ್ ಕಿತ್ತು ಬರೀಬೇಕಾಗುತ್ತೆ, ಅದು ಮನೆ ಕೆಲಸ ಅಲ್ಲ. ಅಂಗಡಿಗೆ ಹೋದ್ರೆ "ಬೋರ್ಡ್ ರಿಪೇರಿ" ಅನ್ಬೇಡಿ, "ಬಯೋಸ್ ಪ್ರೋಗ್ರಾಮಿಂಗ್ ಮಾಡ್ತೀರಾ" ಅಂತ ಕೇಳಿ. ಚಿಪ್ ಲೆವೆಲ್ ಕೆಲಸ ಮಾಡೋರು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬೇಕಾದಷ್ಟು ಜನ ಇದಾರೆ, ಲ್ಯಾಪ್‌ಟಾಪ್ ಬೋರ್ಡ್ ರಿಪೇರಿ ಮಾಡೋರ ಹತ್ರ ಸಾಮಾನ್ಯವಾಗಿ ಈ ಪ್ರೋಗ್ರಾಮರ್ ಇದ್ದೇ ಇರುತ್ತೆ.

ಪ್ರಶ್ನೆ: ಎಚ್‌ಪಿ ಲ್ಯಾಪ್‌ಟಾಪ್‌ಗೂ ಹೀಗೇ ಚಿಪ್ ತೆಗೀಬೇಕಾ? ನಂದು ಅಪ್‌ಡೇಟ್ ಆದ್ಮೇಲೆ ಬರೀ ಕಪ್ಪು ಸ್ಕ್ರೀನ್.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲೇ ಅಷ್ಟು ದೂರ ಹೋಗ್ಬೇಡಿ. ಚಾರ್ಜರ್ ಹಾಕಿ, ವಿಂಡೋಸ್ ಕೀ ಜೊತೆ ಬಿ ಒತ್ತಿ ಹಿಡ್ಕೊಂಡೇ ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ ಬಿಡಿ, ಆ ಎರಡು ಕೀ ಮಾತ್ರ ಬಿಡ್ಬೇಡಿ. ಬೀಪ್ ಶಬ್ದ ಬಂದು ಸ್ವಲ್ಪ ಹೊತ್ತಾದ್ಮೇಲೆ ಅಪ್‌ಡೇಟ್ ಸ್ಕ್ರೀನ್ ಬರಬಹುದು. ಬರ್ಲಿಲ್ಲ ಅಂದ್ರೆ ಇನ್ನೊಂದು ಕಂಪ್ಯೂಟರಲ್ಲಿ ಎಚ್‌ಪಿ ಸೈಟಿನ ಬಯೋಸ್ ಫೈಲ್ ಓಡಿಸಿ, ರಿಕವರಿ ಯುಎಸ್‌ಬಿ ಮಾಡೋ ಆಯ್ಕೆ ಕೊಟ್ಟು, ಅದನ್ನ ಚುಚ್ಚಿ ಮತ್ತೆ ಹೀಗೇ ಮಾಡಿ. ಡೆಲ್ ಇರೋರಿಗೂ ಹೇಳ್ಬಿಡ್ತೀನಿ, ಪೂರ್ತಿ ಆಫ್ ಮಾಡಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡ್ಕೊಂಡು ಚಾರ್ಜರ್ ಚುಚ್ಚಿದ್ರೆ ಬಹಳಷ್ಟು ಮಾಡೆಲ್‌ಗಳಲ್ಲಿ ರಿಕವರಿ ಸ್ಕ್ರೀನ್ ಬರುತ್ತೆ. ಎದ್ದ ಮೇಲೆ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ವ್ಯವಸ್ಥೆ) 48 ಅಂಕಿಯ ಕೀ ಕೇಳಿದ್ರೆ ಹೆದರ್ಬೇಡಿ, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಮೊಬೈಲಲ್ಲಿ ಲಾಗಿನ್ ಆಗಿ ಹುಡುಕಿ, ಹೆಚ್ಚಿನವರದ್ದು ಅಲ್ಲೇ ಇರುತ್ತೆ.

ಪ್ರಶ್ನೆ: ಹಂಗಾದ್ರೆ ಬಯೋಸ್ ಅಪ್‌ಡೇಟ್ ಮಾಡ್ಲೇಬಾರ್ದಾ?
– ಓದುಗರು, ಮೈಸೂರು

ಉತ್ತರ: ಹೊಸ ಪ್ರೊಸೆಸರ್ ಹಾಕ್ಬೇಕು, ಸೆಕ್ಯುರಿಟಿ ತೊಂದ್ರೆ ಇದೆ ಅಂತ ಕಂಪನಿಯೇ ಹೇಳಿದೆ, ಇಲ್ಲಾ ನಿಮಗಿರೋ ತೊಂದ್ರೇನೇ ಆ ವರ್ಷನ್‌ನಲ್ಲಿ ಸರಿಹೋಗಿದೆ, ಆಗ ಮಾಡಿ. ಸುಮ್ನೆ ಹೊಸದು ಬಂದಿದೆ ಅಂತ ಮಾಡೋದು ನನ್ನ ಕೇಳಿದ್ರೆ ಬೇಡ. ಮಾಡೋದಾದ್ರೆ ವಿಂಡೋಸ್ ಒಳಗಿಂದ ಬೇಡ, ಪೆನ್‌ಡ್ರೈವ್ ಹಾಕಿ ಬಯೋಸ್ ಒಳಗಿಂದ್ಲೇ ಮಾಡಿ. ಯುಪಿಎಸ್ ಇಲ್ದೇ ಮನೆ ಇನ್ವರ್ಟರ್ ನೆಚ್ಕೊಂಡಿರೋರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡ್ಕೊಳ್ಳಿ, ಇನ್ನೊಂದು ಮೋಡ್‌ನಲ್ಲಿದ್ರೆ ಕರೆಂಟ್ ಹೋದ ಕ್ಷಣ ಲೈಟು ಫ್ಯಾನಿಗೆ ಗೊತ್ತಾಗಲ್ಲ, ಪಿಸಿ ಮಾತ್ರ ಆಫ್ ಆಗಬಹುದು.