ಯಾವ ಊರಿಗೂ ಸೇರದ ಒಬ್ಬನಿಗಾಗಿ ಎದ್ದು ಕೂರುವುದು

ತಂಡವಾದರೆ ಊರು, ನಾಡು ಅಂತ ಒಂದು ನಂಟಿರುತ್ತದೆ, ಎಲ್ಲಿಯೋ ಹುಟ್ಟಿದ ಒಬ್ಬ ಟೆನಿಸ್ ಆಟಗಾರನನ್ನು ಜನ ಯಾಕಿಷ್ಟು ಹಚ್ಚಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ನನಗೆ ಇದರ ಉತ್ತರ ಹೊಳೆದದ್ದು ಒಂದು ರಾತ್ರಿ.

2019ರ ಜುಲೈ 14, ಭಾನುವಾರ. ಲಂಡನ್ನಿನಲ್ಲಿ ಒಂದೇ ಹೊತ್ತಿಗೆ ಎರಡು ಫೈನಲ್. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವಿನ ವಿಶ್ವಕಪ್, ವಿಂಬಲ್ಡನ್ ಟೆನಿಸ್‌ನಲ್ಲಿ ಸ್ವಿಟ್ಜರ್ಲೆಂಡಿನ ಫೆಡರರ್ ಮತ್ತು ಸರ್ಬಿಯಾದ ಜೊಕೊವಿಚ್. ಮನೆಯಲ್ಲಿ ಇರೋದು ಒಂದೇ ಟಿವಿ. ಅಣ್ಣನಿಗೆ ಕ್ರಿಕೆಟ್, ನನಗೆ ಟೆನಿಸ್. ರಿಮೋಟ್ ಇಬ್ಬರ ಕೈಯಲ್ಲೂ ಓಡಾಡಿತು.

ಅಣ್ಣ ನ್ಯೂಜಿಲೆಂಡ್ ಕಡೆ, ನಾನು ಫೆಡರರ್ ಕಡೆ. ಎರಡರಲ್ಲೂ ನಾವು ಹಚ್ಚಿಕೊಂಡವರೇ ಸೋತರು, ಎರಡೂ ಕೂದಲೆಳೆ ಅಂತರದಲ್ಲಿ. ನ್ಯೂಜಿಲೆಂಡ್ 241, ಇಂಗ್ಲೆಂಡ್ 241, ಸೂಪರ್ ಓವರಿನಲ್ಲೂ 15–15. ಕೊನೆಗೆ ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ಅಣ್ಣನಿಗೆ ತಡೆಯಲಾರದಷ್ಟು ಸಂಕಟ. ಆದರೆ ಆ ಸಂಕಟಕ್ಕೆ ಹೇಳಿಕೊಳ್ಳಲು ಎಷ್ಟೊಂದು ಜಾಗವಿತ್ತು! ಬೌಲ್ಟ್ ಕ್ಯಾಚ್ ಹಿಡಿದು ಹಗ್ಗ ತುಳಿದ, ಎಸೆದ ಚೆಂಡು ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋಯಿತು, ನಿಯಮವೇ ಸರಿಯಿಲ್ಲ. ಕೊನೆಯ ಚೆಂಡಿಗೆ ರನ್‌ಔಟ್ ಆಗಿ ಕುಸಿದ ಗಪ್ಟಿಲ್‌ನನ್ನು ಸಂತೈಸಲು ಎದುರು ತಂಡದ ವೋಕ್ಸ್ ಕೂಡ ಬಂದ. ಸೋಲು ಹನ್ನೊಂದು ಹೆಗಲ ಮೇಲೆ ಹಂಚಿಹೋಯಿತು.

ಅತ್ತ ಫೆಡರರ್ ಐದನೇ, ಅಂದರೆ ಕೊನೆಯ ಸೆಟ್‌ನಲ್ಲಿ 8–7 ಮುಂದೆ, ತನ್ನದೇ ಸರ್ವ್, 40–15. ಗೆಲ್ಲಲು ಒಂದೇ ಒಂದು ಪಾಯಿಂಟ್ ಸಾಕು, ಅದಕ್ಕೆ ಎರಡು ಅವಕಾಶ. ಮೊದಲನೆಯದರಲ್ಲಿ ಫೋರ್‌ಹ್ಯಾಂಡ್ ಗೆರೆಯಾಚೆ ಬಿತ್ತು. ಎರಡನೆಯದರಲ್ಲಿ ನೆಟ್‌ ಹತ್ತಿರ ಬಂದವನ ಪಕ್ಕದಿಂದ ಜೊಕೊವಿಚ್ ಚೆಂಡು ದಾಟಿಸಿಬಿಟ್ಟ. ಆಗಿನ ನಿಯಮದಲ್ಲಿ ಕೋಚ್ ಮಾತಾಡುವಂತಿರಲಿಲ್ಲ. ಬದಲಿ ಆಟಗಾರನಿಲ್ಲ, ಭುಜ ತಟ್ಟುವ ನಾಯಕನಿಲ್ಲ. ಮೂವತ್ತೇಳು ದಾಟಿದ ಒಬ್ಬ ಮನುಷ್ಯ, ಮುಂದಿನ ಚೆಂಡಿಗೆ ತಾನೇ ತನ್ನನ್ನು ಎಬ್ಬಿಸಿ ನಿಲ್ಲಿಸಬೇಕು. ಎಬ್ಬಿಸಿದ ಕೂಡ. ಪಂದ್ಯ ನಡೆದದ್ದು 4 ಗಂಟೆ 57 ನಿಮಿಷ. ಒಟ್ಟು ಪಾಯಿಂಟ್‌ಗಳಲ್ಲಿ 218–204 ಅವನೇ ಮುಂದೆ, ಸೆಟ್‌ಗಳ ಲೆಕ್ಕದಲ್ಲಿ ಗೆದ್ದವನು ಮಾತ್ರ ಜೊಕೊವಿಚ್.

ನನ್ನನ್ನು ಹಿಡಿದಿಡುವುದು ಇದೇ, ಒಬ್ಬ ಮನುಷ್ಯನ ಮನಸ್ಸು ನಮ್ಮ ಕಣ್ಣೆದುರೇ ಕೆಲಸ ಮಾಡುವುದು. ಸರ್ವ್‌ಗೆ ಮುಂಚೆ ಚೆಂಡು ಪುಟಿಸುವಾಗಿನ ಆ ಮೌನವನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಇನ್ನೊಂದು ವಿಷಯ ನನಗೆ ನಿಧಾನವಾಗಿ ಅರ್ಥವಾಯಿತು. ತಂಡಕ್ಕೆ ವಯಸ್ಸಾಗುವುದಿಲ್ಲ. ಅಣ್ಣ ಆರ್‌ಸಿಬಿಗಾಗಿ 2008ರಿಂದ ಕಾದ. 2009, 2011, 2016ರ ಫೈನಲ್‌ಗಳಲ್ಲಿ ಸೋತಾಗಲೂ ‘ಮುಂದಿನ ಸಲ’ ಅಂತ ಹೇಳುವ ಹಕ್ಕು ಅವನಿಗಿತ್ತು. 2025ರಲ್ಲಿ ಕಪ್ ಬಂದೇ ಬಂತು, ಮನೆಮಂದಿಯೆಲ್ಲ ಕುಣಿದೆವು. ನನಗೆ ಆ ‘ಮುಂದಿನ ಸಲ’ ಇರಲಿಲ್ಲ. ಫೆಡರರ್ ಮತ್ತೆ ವಿಂಬಲ್ಡನ್ ಗೆಲ್ಲಲೇ ಇಲ್ಲ. 2021ರಲ್ಲಿ ಅಲ್ಲಿ ಅವನಾಡಿದ ಕೊನೆಯ ಸೆಟ್ 6–0, ಸೋತವನು ಅವನೇ. ನಾನು ಮೆಚ್ಚಿದ ಆಟ ಆ ಒಂದು ದೇಹದಲ್ಲಿ ಮಾತ್ರ ಇತ್ತು. ಆ ಮೊಣಕಾಲು ಕೈಕೊಟ್ಟಾಗ ಅದೂ ಮುಗಿಯಿತು. ಹಾಗಾಗಿಯೇ ಒಂದೊಂದು ಪಂದ್ಯವೂ ಅಷ್ಟು ಭಾರ ಅನಿಸುತ್ತಿತ್ತು, ಅಷ್ಟು ಆಪ್ತವೂ ಅನಿಸುತ್ತಿತ್ತು.

2022ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲೇ ಅವನು ಕೊನೆಯ ಸಲ ಆಡಿದ. ಅದು ಡಬಲ್ಸ್. ಜೊತೆಗಾರ ನಡಾಲ್, ಬದುಕಿಡೀ ಎದುರಾಳಿಯಾಗಿದ್ದವನು. ಮುಗಿದ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು ಅತ್ತರು. ಟೆನಿಸ್ ಅಂದರೆ ಮೂಗು ಮುರಿಯುತ್ತಿದ್ದ ನನ್ನಣ್ಣ ಅವತ್ತು ರಿಮೋಟ್ ಕೇಳಲಿಲ್ಲ.