ಬಿಟ್ಟುಹೋದ ಅಧ್ಯಾಯಗಳ ಬಾಕಿ ತೀರಿಸಬೇಕೇ?

ಪ್ರಶ್ನೆ: ಅಯ್ಯನವರೇ, ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಐದೂವರೆಗೆ ಎದ್ದು ಸತ್ಯವೇದ (ಬೈಬಲ್) ಓದಿ ಪ್ರಾರ್ಥನೆ ಮಾಡುವುದು ನನ್ನ ರೂಢಿ. ಈ ವರ್ಷ ಇಡೀ ಸತ್ಯವೇದ ಓದಿ ಮುಗಿಸಬೇಕೆಂದು ಜನವರಿ 1ಕ್ಕೆ ಶುರುಮಾಡಿದೆ. ಫೆಬ್ರವರಿ ಮೊದಲ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಬೆಳಗಿನ ಜಾವ ಕಣ್ಣು ಬಿಡಲಾಗುವುದಿಲ್ಲ. ನಾಲ್ಕು ತಿಂಗಳಾಯಿತು, ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲಿ ಗುರುತಿಗೆಂದಿಟ್ಟ ಕೆಂಪು ದಾರ ಅಲ್ಲೇ ಇದೆ. ಎರಡು ಸಲ ಮತ್ತೆ ಹಿಡಿದು ಬಿಟ್ಟೆ. ಈಗ ಸತ್ಯವೇದ ಕಂಡರೇ ಮುಖ ತಿರುಗಿಸುವಂತಾಗಿದೆ. ಸ್ತ್ರೀಯರ ಕೂಟಕ್ಕೆ ಹೋಗಲೂ ಸಂಕೋಚ. ಏನು ಮಾಡಲಿ?
– ಒಬ್ಬ ಸಹೋದರಿ, ಗದಗ

ಉತ್ತರ: ಸಹೋದರಿ, ಮೊದಲು ಬಾಕಿಯ ಲೆಕ್ಕ ಬಿಡಿ. ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚೇ ಓದಬೇಕು. ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ 400 ಅಧ್ಯಾಯ ಉಳಿದಿವೆ. ನಿದ್ದೆಗೆಟ್ಟವರ ತಲೆಯ ಮೇಲೆ ಇಷ್ಟು ಹೊರೆಯಿದ್ದರೆ ಯಾರು ತಾನೇ ಪುಸ್ತಕ ತೆರೆದಾರು? ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಆ ಓದುವ ಪಟ್ಟಿಗಳನ್ನು ನಾನೂ ವರ್ಷಗಟ್ಟಲೆ ಹಂಚಿದ್ದೇನೆ. ಕೈತಪ್ಪಿದರೆ ಎಲ್ಲಿಂದ ಹಿಡಿಯಬೇಕೆಂದು ಮಾತ್ರ ಹೇಳಿಕೊಟ್ಟಿರಲಿಲ್ಲ. ಆ ತಪ್ಪು ನಮ್ಮದು, ನಿಮ್ಮದಲ್ಲ.

ಜನವರಿಯಲ್ಲೇ ನೀವು ವಿಮೋಚನಕಾಂಡದ 16ನೇ ಅಧ್ಯಾಯ ಓದಿದ್ದೀರಿ. ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನವನ್ನು ಇಸ್ರಾಯೇಲ್ಯರು ದಿನದಿನಕ್ಕೆ ಬೇಕಾದಷ್ಟೇ ಕೂಡಿಸಬೇಕಿತ್ತು. ಮರುದಿನಕ್ಕೆ ಎತ್ತಿಟ್ಟದ್ದು ಹುಳ ಬಿದ್ದು ನಾರಿತು. ನಿನ್ನೆ ಕೂಡಿಸದವನು ಇಂದು ಎರಡು ಪಾಲು ಕೂಡಿಸಲಿ ಎಂದು ಅಲ್ಲೆಲ್ಲೂ ಇಲ್ಲ. ಆರನೆಯ ದಿನ ಎರಡು ಪಾಲು ಕೂಡಿಸಿದ್ದು ಮರುದಿನದ ವಿಶ್ರಾಂತಿಗಾಗಿ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಕೇಳುವುದು ಈ ಹೊತ್ತಿನ ಆಹಾರವನ್ನೇ.

ಆದ್ದರಿಂದ ತಾರೀಖು ನೋಡಿ ಓದಿ. ಆಂಗ್ಲಿಕನ್ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿ ಸತ್ಯವೇದದ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ ಹಂಚಿರುವುದು ಹೀಗೆಯೇ. ನಡುವೆ ಹತ್ತು ದಿನ ತಪ್ಪಿದರೂ ಹನ್ನೊಂದನೆಯ ದಿನ ಆ ತಾರೀಖಿನದನ್ನು ತೆರೆದರಾಯಿತು. ನಿಮಗೆ ಅಷ್ಟೂ ಬೇಡ. ಆ ಕೀರ್ತನೆಗಳಲ್ಲಿ 120ರಿಂದ 134ರವರೆಗೆ ಹದಿನೈದು ಯಾತ್ರಾಗೀತೆಗಳಿವೆ. 132ನ್ನು ಬಿಟ್ಟರೆ ಯಾವುದರಲ್ಲೂ ಒಂಬತ್ತಕ್ಕಿಂತ ಹೆಚ್ಚು ವಚನಗಳಿಲ್ಲ. 1ನೇ ತಾರೀಖಿಗೆ 120, 2ಕ್ಕೆ 121, ಹೀಗೆ. 16ರಿಂದ ಮತ್ತೆ ಮೊದಲಿಂದ. ಕೆಂಪು ದಾರ ಅಲ್ಲಿಗೆ ಸರಿಸಿ.

ಐದೂವರೆಯೇ ಆಗಬೇಕೆಂದಿಲ್ಲ. ರಾತ್ರಿ ಅತ್ತೆಗೆ ಮಾತ್ರೆ ಕೊಟ್ಟ ಮೇಲೆ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿ, ಅವರೂ ಕೇಳಲಿ. ನಮ್ಮನ್ನು ಕಾಯುವಾತನು ತೂಕಡಿಸುವುದಿಲ್ಲ ಎಂಬ 121ನೇ ಕೀರ್ತನೆಯನ್ನು ನಾನು ಎಷ್ಟೋ ಸಲ ಧರ್ಮಪೀಠದಿಂದ ಓದಿದ್ದೆ. ಅದು ನನ್ನೊಳಗೆ ಇಳಿದದ್ದು ಹೆಂಡತಿ ಕಾಯಿಲೆ ಬಿದ್ದು, ರಾತ್ರಿ ಎರಡು ಗಂಟೆಗೆ ಅವಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಾ ಕೂತಿದ್ದಾಗ. ಆ ತಿಂಗಳುಗಳಲ್ಲಿ ನನಗೆ ಬೇರೆ ಪ್ರಾರ್ಥನೆ ಬರಲೇ ಇಲ್ಲ.

ಪ್ರವಾದಿ ಎಲೀಯನು ಸಾಕಾಗಿ ಗಿಡದ ಕೆಳಗೆ ಮಲಗಿ ಸಾವನ್ನೇ ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟನು. ಅವನು ತಿಂದು ಮತ್ತೆ ನಿದ್ದೆಹೋದನು. ನಿಮಗೂ ನಿದ್ದೆ ಬೇಕು. ವಾರದಲ್ಲಿ ಎರಡು ರಾತ್ರಿ ಯಜಮಾನರು ಅತ್ತೆಯನ್ನು ನೋಡಿಕೊಳ್ಳಲಿ. ಇದನ್ನು ಕೇಳಲು ಹಿಂಜರಿಯಬೇಡಿ. ನಿದ್ದೆ ಸಿಕ್ಕ ಮೇಲೂ ಮನಸ್ಸಿನ ಭಾರ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಅದು ವಿಶ್ವಾಸದ ಕೊರತೆಯೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಸ್ತ್ರೀಯರ ಕೂಟಕ್ಕೆ ಈ ವಾರವೇ ಹೋಗಿ. ಎಷ್ಟು ಓದಿದಿರಿ ಎಂದು ಕೇಳಿದರೆ ಇದ್ದದ್ದನ್ನೇ ಹೇಳಿ. ಹಾಗೆಯೇ ಕೇಳಿ: ಶನಿವಾರ ರಾತ್ರಿ ನಮ್ಮತ್ತೆಯ ಹತ್ತಿರ ಮಲಗಲು ಯಾರಾದರೂ ಬರುತ್ತೀರಾ?