ಅಳುವ ಮಗನನ್ನು ರಮಿಸಿದರೆ ಮೆತ್ತಗಾಗುತ್ತಾನೆಯೇ?

ಪ್ರಿಯ ಸೋದರಿ,

ಮುಂಬಯಿ ಬಳಿಯ ಡೊಂಬಿವಲಿಯಿಂದ ನೀವು ಬರೆದ ಪತ್ರ ತಲುಪಿತು. ನಾಲ್ಕನೇ ಇಯತ್ತೆಯ ಮಗ ಯೂನಿಟ್ ಟೆಸ್ಟಿನಲ್ಲಿ ಅಂಕ ಕಡಿಮೆಯಾದರೂ, ಬಿಲ್ಡಿಂಗಿನ ಹುಡುಗರು ಆಟಕ್ಕೆ ಸೇರಿಸದಿದ್ದರೂ ಬಹಳ ಹೊತ್ತು ಅಳುತ್ತಾನೆ. ನೀವು ರಮಿಸಿದರೆ ‘ಗಂಡುಹುಡುಗನನ್ನು ಮುದ್ದು ಮಾಡಿ ಕೆಡಿಸ್ತಿದ್ದೀಯ’ ಎಂದು ಅತ್ತೆ ಅನ್ನುತ್ತಾರೆ. ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಒಂಬತ್ತಕ್ಕೆ ಮರಳುವ ಯಜಮಾನರೂ ಅದನ್ನೇ ಹೇಳುತ್ತಾರೆ. ಕೆಲವು ಸಂಜೆ ನೀವೇ ತಾಳ್ಮೆ ಕಳೆದುಕೊಂಡು ಕೂಗಾಡುತ್ತೀರಿ, ಆಮೇಲೆ ನಿದ್ದೆ ಹತ್ತುವುದಿಲ್ಲ ಎಂದಿದ್ದೀರಿ.

ರಮಿಸಿದರೆ ಮಗು ಮೆತ್ತಗಾಗುವುದಿಲ್ಲ. ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ತಾಯಂದಿರನ್ನೂ ಕೂಸುಗಳನ್ನೂ ವರ್ಷಗಟ್ಟಲೆ ಗಮನಿಸಿದರು. ತಾಯಿ ಸ್ವಲ್ಪ ಹೊತ್ತು ಕಣ್ಮರೆಯಾಗಿ ಮರಳಿದಾಗ, ಅವಳ ಮೇಲೆ ಭರವಸೆಯಿದ್ದ ಕೂಸುಗಳು ಬೇಗ ಸಮಾಧಾನಗೊಂಡು ಮತ್ತೆ ಆಟಕ್ಕೆ ಹೋಗುತ್ತಿದ್ದವು. ಮಡಿಲು ಸಿಕ್ಕುತ್ತದೆ ಎಂಬ ನಂಬಿಕೆಯೇ ಮಡಿಲಿನಿಂದ ಇಳಿಯುವ ಧೈರ್ಯ ಕೊಡುತ್ತದೆ. ‘ಅಳಬೇಡ’ ಎಂದು ಗದರಿಸಿಕೊಂಡ ಮಗುವಿನ ದುಃಖವೇನೂ ಕಡಿಮೆಯಾಗುವುದಿಲ್ಲ, ಅದನ್ನು ನಿಮಗೆ ತೋರಿಸುವುದನ್ನು ಮಾತ್ರ ಅದು ಬಿಡುತ್ತದೆ.

ಆದರೆ ರಮಿಸುವುದೆಂದರೆ ಕೇಳಿದ್ದನ್ನೆಲ್ಲ ಕೊಡುವುದಲ್ಲ. ಸಿಟ್ಟಿನಲ್ಲಿ ಬ್ಯಾಟು ಎಸೆದರೆ ಕೈ ಹಿಡಿದು ತಡೆಯಿರಿ. ‘ಸಿಟ್ಟು ಬಂದಿದೆ, ಸರಿ, ಎಸೆಯೋ ಹಾಗಿಲ್ಲ’ ಎಂದರೆ ಸಾಕು. ಅಳುವಾಗ ಬುದ್ಧಿ ಹೇಳಬೇಡಿ, ತಲೆಗೆ ಹೋಗುವುದಿಲ್ಲ. ಮೊದಲು ‘ತುಂಬ ಬೇಜಾರಾಯ್ತಾ?’ ಎಂದು ಕೇಳಿ ಸುಮ್ಮನಿರಿ. ಶಾಲೆಯ ಜಗಳವನ್ನು ಅವನು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳತೊಡಗಿದರೆ ‘ಕನ್ನಡದಲ್ಲಿ ಹೇಳು’ ಎಂದು ನಡುವೆ ತಡೆಯಬೇಡಿ. ಕನ್ನಡ ಪತ್ರಿಕೆ ನಡೆಸುವ ನಾನೇ ಇದನ್ನು ಹೇಳುತ್ತಿದ್ದೇನೆ.

ಅತ್ತೆಯವರ ಮಾತಿಗೆ ಬರುತ್ತೇನೆ. ‘ನಾವು ಬೈದೇ ಬೆಳೆಸಿದ್ದು, ಮಕ್ಕಳು ಕೆಟ್ಟರೇನು?’ ಎಂಬ ಮಾತು ಮುಂಬಯಿಯ ನಮ್ಮ ಬಹಳಷ್ಟು ಮನೆಗಳಲ್ಲಿ ಕೇಳುತ್ತದೆ. ಊರಿನ ತುಂಬಿದ ಮನೆಯಲ್ಲಿ ಅಪ್ಪ ಹೊಡೆದರೆ ಅಜ್ಜಿಯ ಸೆರಗು ಇತ್ತು, ಅಮ್ಮ ಬೈದರೆ ಚಿಕ್ಕಮ್ಮ ಕರೆದು ಬೆಲ್ಲ ಕೊಡುತ್ತಿದ್ದಳು, ಅದೂ ಆಗದಿದ್ದರೆ ಹಿತ್ತಿಲಿತ್ತು. ಬೈಗುಳ ಉಳಿದುಕೊಂಡಿದೆ, ಆ ಸೆರಗುಗಳು ಊರಲ್ಲೇ ಉಳಿದವು. ಒಂದು ಕೋಣೆ, ಒಂದು ಹಾಲ್ ಇರುವ ಫ್ಲ್ಯಾಟಿನಲ್ಲಿ ಬೈಸಿಕೊಂಡ ಹುಡುಗ ಓಡಿಹೋಗುವುದಾದರೂ ಎಲ್ಲಿಗೆ? ಬೈದವರ ಎದುರೇ ಕೂತಿರಬೇಕು. ನಿಮ್ಮ ಮನೆಯಲ್ಲಿ ಅತ್ತೆಯೇ ಇದ್ದಾರೆ, ಅದು ದೊಡ್ಡ ಭಾಗ್ಯ. ಅವರೊಡನೆ ವಾದಕ್ಕಿಳಿಯಬೇಡಿ. ‘ನಾನು ಸಿಟ್ಟಾದಾಗ ನೀವು ಅವನನ್ನು ಹತ್ತಿರ ಕರ್ಕೊಳ್ಳಿ ಅತ್ತೆ’ ಎಂದು ಕೇಳಿ ನೋಡಿ. ತಿದ್ದುವ ಕೆಲಸಕ್ಕಿಂತ ಈ ಕೆಲಸವನ್ನು ಅವರು ಸಂತೋಷದಿಂದ ಮಾಡುತ್ತಾರೆಂದು ನನ್ನ ನಂಬಿಕೆ.

ನಿಮ್ಮ ಕೂಗಾಟದ ಬಗ್ಗೆ. 1970ರ ದಶಕದಿಂದ ತಾಯಿ-ಕೂಸುಗಳ ಒಡನಾಟವನ್ನು ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ಕಂಡದ್ದು ನಿಮಗೆ ಸಮಾಧಾನ ಕೊಟ್ಟೀತು: ಅಕ್ಕರೆಯ ತಾಯಂದಿರೂ ಹೆಚ್ಚಿನ ಹೊತ್ತು ಕೂಸಿನೊಡನೆ ತಾಳ ತಪ್ಪುತ್ತಲೇ ಇರುತ್ತಾರೆ. ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುವುದರಿಂದ ಮಗು ಗಟ್ಟಿಯಾಗುತ್ತದೆ. ಆದ್ದರಿಂದ ನಿದ್ದೆಗೆಟ್ಟು ಕೊರಗುವ ಬದಲು, ಅವನು ಮಲಗುವ ಮುಂಚೆ ಹೋಗಿ ‘ನಾನು ಕೂಗಿದ್ದು ತಪ್ಪು’ ಎನ್ನಿ. ‘ನೀನು ಹಾಗೆ ಮಾಡದಿದ್ದರೆ...’ ಎಂದು ಬಾಲ ಸೇರಿಸಬೇಡಿ. ಯಜಮಾನರಿಗೆ ಒಂದೇ ವಿನಂತಿ: ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಂಕ ಕೇಳದಿರಲಿ.

ಊಟ, ನಿದ್ದೆ ಕೆಟ್ಟು ವಾರಗಳಾದರೆ, ಶಾಲೆಗೆ ಹೋಗಲು ಹೆದರಿದರೆ ಮಕ್ಕಳ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಮಕ್ಕಳ ಮನಸ್ಸಿನ ಮಾರ್ಗದರ್ಶನಕ್ಕೆಂದೇ 1937ರಷ್ಟು ಹಿಂದೆ ಕ್ಲಿನಿಕ್ ತೆರೆದ ನಗರ ನಮ್ಮ ಮುಂಬಯಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ಸಿಗುತ್ತದೆ. ‘ಜೀವ ಬೇಡ’ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬೇಡಿ.

ಇನ್ನೊಂದು. ಹುಡುಗರು ಅವನನ್ನು ಆಟಕ್ಕೆ ಏಕೆ ಸೇರಿಸುತ್ತಿಲ್ಲ ಎಂದು ನೀವು ಬರೆದಿಲ್ಲ. ಅವರು ಅವನನ್ನು ದಿನವೂ ಗೇಲಿ ಮಾಡುತ್ತಿದ್ದರೆ, ನಾವು ಇಷ್ಟು ಹೊತ್ತು ಮಾತಾಡಿದ ಅಳು ಅವನ ಸ್ವಭಾವದ್ದೇ ಅಲ್ಲ. ಕೆಳಗಿಳಿದು ಒಂದೆರಡು ಸಂಜೆ ನೋಡಿ, ಆ ಹುಡುಗರ ತಾಯಂದಿರೊಡನೆ ಮಾತಾಡಿ. ಏನು ತಿಳಿಯಿತೆಂದು ನನಗೆ ಬರೆಯಿರಿ.

– ಸಂಪಾದಕ